ಹನ್ನೆರಡು ಉಸಿರಿನಷ್ಟು ಮೌನ

ನಮ್ಮೂರಲ್ಲಿ ಹೊಳೆಯ ಈಚೆ ದಡದ ಮನೆಗಳ ಟಿವಿಗೆ ದನಿ ಮಾತ್ರ ಬರುತ್ತದೆ, ಆಚೆ ದಡದ ಮನೆಗಳ ಟಿವಿಗೆ ಚಿತ್ರ ಮಾತ್ರ. ಯಾವತ್ತಿನಿಂದ ಹೀಗೆ ಎಂದು ಕೇಳಿದರೆ ಅಜ್ಜಿ, "ಹೊಳೆ ಯಾವತ್ತಿನಿಂದ ಹರೀತಿದೆ ಅಂತ ಹೊಳೇನೇ ಕೇಳೋಗು" ಎನ್ನುತ್ತಿದ್ದಳು. ನಾವು ಈಚೆಯವರು. ನಮ್ಮ ಟಿವಿಯ ಗಾಜಿನ ಮೇಲೆ ನಮ್ಮದೇ ಮುಖಗಳ ನೆರಳು ಬಿಟ್ಟು ಬೇರೇನನ್ನೂ ನಾನು ಕಂಡಿಲ್ಲ. ಅಜ್ಜಿ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಮೇಲೆ ತನ್ನ ಎಲೆಅಡಿಕೆ ತಟ್ಟೆ ಇಟ್ಟುಕೊಂಡಿದ್ದಳು.

ಈಚೆಯ ಪ್ರತಿ ಮನೆಗೂ ಆಚೆ ದಡದಲ್ಲೊಂದು ಜೋಡಿಮನೆ. ಕಾರ್ಯಕ್ರಮ ಮುಗಿದ ಮೇಲೆ ಈಚೆಯವರೊಬ್ಬರು ಮರದ ಸೇತುವೆ ದಾಟಿ ಹೋಗಿ, ಕೇಳಿದ್ದನ್ನೆಲ್ಲ ಜೋಡಿಮನೆಯವರಿಗೆ ಒಪ್ಪಿಸಬೇಕು. ಅವರು ತಾವು ಕಂಡಿದ್ದನ್ನು ಹೇಳಬೇಕು. ಅದನ್ನು ಹೊತ್ತು ತಂದು ಮನೆಯಲ್ಲಿ ಇಳಿಸಿದರೆ ಅವತ್ತಿನ ಕೆಲಸ ಮುಗಿಯಿತು. ಸೇತುವೆಯ ನಡುವಿನ ಕಂಬಕ್ಕೆ ಒಂದು ಹಿತ್ತಾಳೆ ಬಿಂದಿಗೆ ಕಟ್ಟಿದ್ದಾರೆ. ಹೋಗುವಾಗ ಅದರ ನೀರಲ್ಲಿ ಬಾಯಿ ಮುಕ್ಕಳಿಸಬೇಕು, ಬರುವಾಗ ಕಣ್ಣು ತೊಳೆದುಕೊಳ್ಳಬೇಕು. ನಮ್ಮದೇನಾದರೂ ಅಂಟಿಕೊಂಡು ದಾಟಬಾರದಲ್ಲ, ಅದಕ್ಕೆ. ಬಿಂದಿಗೆ ಕಾಯುವ ಬೋರಲಿಂಗಯ್ಯ ಪ್ರತಿಯೊಬ್ಬರನ್ನೂ ತಡೆದು ಕೇಳುತ್ತಾನೆ: "ಹೆಚ್ಚೋ, ಕಮ್ಮಿಯೋ?" ನಾವು "ಇದ್ದಷ್ಟೇ" ಎನ್ನಬೇಕು. ಆಮೇಲೆ ಅವನು ಪಕ್ಕಕ್ಕೆ ಸರಿಯುತ್ತಾನೆ.

ಕೂಡಿಸಿ ಹೇಳಿದವರು ಸಿಕ್ಕಿಬಿದ್ದರೆ ಒಂದು ವರ್ಷ ಅವರಿಗೆ ಸೇತುವೆ ಇಲ್ಲ. ಆ ಎರಡು ಮನೆಗಳ ನಡುವೆ ವರ್ಷವಿಡೀ ಮಾತೂ ಇಲ್ಲ. ಜೋಡಿಮನೆಯವರು ಬಾಯಿಲ್ಲದ ಬೊಂಬೆಗಳನ್ನು ನೋಡುತ್ತ ಕೂರಬೇಕು, ನಾವು ಮುಖವಿಲ್ಲದ ದನಿಗಳನ್ನು ಕೇಳುತ್ತ ಕೂರಬೇಕು. ಅಲ್ಲಿಯವರೆಗೆ ನಾನು ಕಂಡಂತೆ ಯಾರಿಗೂ ಹಾಗಾಗಿರಲಿಲ್ಲ.

ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಅಜ್ಜಿಯ ಮಂಡಿ ಹಿಡಿದುಕೊಂಡ ಮೇಲೆ ದಾಟುವ ಕೆಲಸ ನನ್ನದಾಯಿತು, ಆಗ ನನಗೆ ಹದಿನಾಲ್ಕು. ಅಜ್ಜಿಗೆ ಮೊದಲೇ ಅನುಮಾನವಿತ್ತು. ನಾನು ಚಿಕ್ಕವಳಿದ್ದಾಗ ಅವಳು ಕಥೆ ಹೇಳುತ್ತ ಹೇಳುತ್ತ ಎಲೆಗೆ ಸುಣ್ಣ ಸವರಲು ಒಂದು ಗಳಿಗೆ ನಿಲ್ಲಿಸಿದರೂ ನನಗೆ ತಡೆಯುತ್ತಿರಲಿಲ್ಲ. ರಾಜಕುಮಾರಿ ಬಾವಿಗೆ ಬಗ್ಗಿದಳೋ, ನಾನೇ ಒಳಗೆ ಒಂದು ಊರು ಕಟ್ಟಿ, ಊರಿಗೊಬ್ಬ ಆಮೆರಾಯನನ್ನು ಕೂರಿಸಿ, ಅವನಿಗೆ ಮದುವೆಯನ್ನೂ ಮಾಡಿಬಿಡುತ್ತಿದ್ದೆ. ಅಜ್ಜಿ ನಕ್ಕು ನಕ್ಕು, "ಆಯ್ತು ಬಿಡೇ ಕುಮುದಾ, ಆಮೆಗೂ ಒಂದು ಸಂಸಾರ ಆಗ್ಲಿ" ಎನ್ನುತ್ತಿದ್ದಳು. ಸೇತುವೆ ದಾಟುವ ಕೆಲಸ ನನ್ನ ಪಾಲಿಗೆ ಬಂದ ದಿನ ಮಾತ್ರ ನಗಲಿಲ್ಲ. "ಅಲ್ಲಿ ಆಮೆ ಗೀಮೆ ತರ್ಬೇಡ" ಎಂದಳು, ಅಷ್ಟೇ.

ನಮ್ಮ ಜೋಡಿಮನೆ ಸರ್ವಮಂಗಳಕ್ಕನದು. ಐವತ್ತರ ಹತ್ತಿರದ ಒಂಟಿ ಹೆಂಗಸು. ಊರಿನ ದರ್ಜಿಗಳು ಹೊಲಿದ ಅಂಗಿಗಳಿಗೆಲ್ಲ ಕಾಜ ಹೊಲಿದು ಗುಂಡಿ ಹಾಕಿ ಕೊಡುವುದು ಅವಳ ಕೆಲಸ. ಮಾತು ಕಮ್ಮಿ, ಕಣ್ಣು ಚುರುಕು. ವಿಕ್ರಮಸೇನ ಯಾವ ಕೈಯಲ್ಲಿ ಸಲಾಮು ಹೊಡೆದ ಎಂಬುದನ್ನೂ ಬಿಡದೆ ಹೇಳುವಳು. ಅವಳಿಗೆ ಇಂದ್ರಾಣಿ ಎಂಬ ತಂಗಿಯೊಬ್ಬಳಿದ್ದಾಳೆ, ಹುಟ್ಟಿದಾಗಿನಿಂದ ಕಿವಿ ಕೇಳಿಸದು, ದನಿಯೂ ಇಲ್ಲ, ಹನ್ನೊಂದು ವರ್ಷದಿಂದ ಈ ಮನೆಯ ಹೊಸಲು ತುಳಿದಿಲ್ಲ. ಇಷ್ಟು ಊರಿಗೆಲ್ಲ ಗೊತ್ತಿತ್ತು. ಯಾಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬೀದಿಯ ಕಡೆಗಿದ್ದ ಸರ್ವಮಂಗಳಕ್ಕನ ಮನೆಯ ಕಿಟಕಿಗೆ ಸದಾ ಪರದೆ ಎಳೆದಿರುತ್ತಿತ್ತು. ಕಾಜ ಹೊಲಿಯುವವಳಿಗೆ ಬೆಳಕು ಬೇಡವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹಿತ್ತಲ ಬೆಳಕು ಸಾಕು" ಎಂದಿದ್ದಳು.

ಶುಕ್ರವಾರ ಸಂಜೆ ಐದಕ್ಕೆ 'ಆಕಾಶದೋಣಿ' ಬರುತ್ತದೆ. ಊರಿಗೆ ಊರೇ ಕೆಲಸ ನಿಲ್ಲಿಸುವ ಧಾರಾವಾಹಿ ಅದೊಂದೇ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ದೋಣಿ, ಅದರ ನಾಯಕ ವಿಕ್ರಮಸೇನ, ಸದಾ ಗೊಣಗುವ ಅಡುಗೆಯ ಕೆಂಚ. ಅವರ ದನಿಗಳೆಲ್ಲ ನಮಗೆ ಗೊತ್ತು, ಮುಖಗಳೆಲ್ಲ ಆಚೆಯವರಿಗೆ ಗೊತ್ತು. ಮುಖ ಎಂದರೂ ಎಲ್ಲರೂ ಗುಂಡನೆಯ ಹೊಳೆಯುವ ಟೋಪಿ ಹಾಕಿರುತ್ತಾರಂತೆ, ಬಾಯಿ ಕಾಣುವುದಿಲ್ಲವಂತೆ.

ಆ ಶುಕ್ರವಾರ ದೋಣಿಯೇ ಬರಲಿಲ್ಲ. ವಿಕ್ರಮಸೇನ ಇಲ್ಲ, ಕೆಂಚ ಇಲ್ಲ. ಎಲ್ಲೋ ಒಂದು ಕತ್ತಲೆಯ ಗ್ರಹದ ಮೇಲೆ ದಾರಿದೀಪ ಕಾಯುವ ಅಕ್ಕ ತಂಗಿಯರ ಕಥೆ. ಹಿಂದಿನ ವಾರಕ್ಕೂ ಮುಂದಿನ ವಾರಕ್ಕೂ ಸಂಬಂಧವಿಲ್ಲದ ಒಂದೇ ಒಂದು ಕಂತು. ಅವರ ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟು ಗಾಳಿ ಸೋರತೊಡಗುತ್ತದೆ. ತಂಗಿ ಬಿರುಕಿನ ಕೋಣೆಯಲ್ಲಿದ್ದಾಳೆ. ನಡುವಿನ ಬಾಗಿಲು ಹಾಕಿದರೆ ಅಕ್ಕ ಉಳಿಯುತ್ತಾಳೆ, ಹಾಕದಿದ್ದರೆ ಇಬ್ಬರೂ ಇಲ್ಲ. ಬಾಗಿಲು ಧಡ್ ಎಂದು ಬಿದ್ದ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ.

ಈಚೆಯವರು ಮೌನವನ್ನು ಉಸಿರಿನಲ್ಲಿ ಎಣಿಸುತ್ತೇವೆ. ನಾನು ಎಣಿಸಿದೆ, ಅಜ್ಜಿಯೂ ಎಣಿಸಿದಳು. ಹನ್ನೆರಡು. ಆಮೇಲೆ ಒಬ್ಬಳೇ ನಡೆದು ಹೋಗುವ ಹೆಜ್ಜೆ ಸದ್ದು, ಕೊನೆಯ ಸಂಗೀತ.

"ಇದೇನೇ ಇದು," ಎಂದಳು ಅಜ್ಜಿ. ಅವಳ ಎಲೆ ಮಡಿಸಿದ್ದು ಮಡಿಸಿದ ಹಾಗೇ ಕೈಯಲ್ಲಿತ್ತು.

ಸೇತುವೆಯ ಮೇಲೆ ಅವತ್ತು ಎಲ್ಲರೂ ಗೊಣಗುವವರೇ. ಪಕ್ಕದ ಮನೆಯ ತಿಮ್ಮಾಜಮ್ಮ ಬಾಯಿ ಮುಕ್ಕಳಿಸಿ ಹೊಳೆಗೆ ಉಗಿದು, "ಹಿಂದಿಲ್ಲ ಮುಂದಿಲ್ಲ, ಯಾರೋ ಇಬ್ಬರು! ಮುಂದಿನ ವಾರ ಬರೋದೇ ಇಲ್ಲ ಅಂದ್ಮೇಲೆ ಅವರಿಗೆ ನಾನ್ಯಾಕೆ ಅಳ್ಬೇಕು?" ಎಂದಳು. ಹೇಳುತ್ತಲೇ ಸೆರಗಿನಿಂದ ಮೂಗೊರೆಸಿಕೊಂಡಳು.

ನಾನು ಹೋದಾಗ ಸರ್ವಮಂಗಳಕ್ಕ ಮಡಿಲಲ್ಲಿ ಒಂದು ಬಿಳಿ ಅಂಗಿ ಹಾಕಿಕೊಂಡು ಕೂತಿದ್ದಳು. ಸೂಜಿ ಕಾಜದೊಳಗೆ ಅರ್ಧ ಹೋಗಿ ನಿಂತಿತ್ತು. ನಾನು ದನಿಯೆಲ್ಲ ಒಪ್ಪಿಸುತ್ತ ಬಂದೆ, ಅವಳು ನಡುನಡುವೆ ಚಿತ್ರ ಸೇರಿಸುತ್ತ ಬಂದಳು. ಬಾಗಿಲು ಬಿದ್ದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು:

"ಬಾಗಿಲಲ್ಲಿ ಒಂದು ಗುಂಡನೆ ಗಾಜು. ತಂಗಿ ಅಲ್ಲಿಗೆ ಬಂದು ಟೋಪಿ ತೆಗೆದ್ಲು. ಗಾಜು ಮಂಜಾಯ್ತು. ತುಟಿ ಆಡಿಸಿದ್ಲು. ಅಕ್ಕ ಆ ಕಡೆ ತಿರುಗಿ ನಿಂತಿದ್ಲು, ನೋಡ್ಲಿಲ್ಲ." ಸೂಜಿ ಅಲುಗಲಿಲ್ಲ. "ಆವಾಗ ಏನಂದ್ಲು ಕುಮುದಾ?"

ಏನೂ ಕೇಳಿಸಲಿಲ್ಲಕ್ಕಾ, ಹನ್ನೆರಡು ಉಸಿರು ಮೌನ ಇತ್ತು. ಇಷ್ಟೇ ನಾನು ಹೇಳಬೇಕಾಗಿದ್ದದ್ದು. ಆದರೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಹಿಂದೆ ಎಳೆದ ಪರದೆಯ ಕಿಟಕಿ. ಆ ಮೌನ ನನ್ನ ಮುಂದೆ ಅಜ್ಜಿಯ ಕಥೆಯ ಬಾವಿಯಂತೆ ಬಾಯ್ದೆರೆದು ನಿಂತಿತು.

"'ಅಕ್ಕಾ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ' ಅಂದ್ಲು," ಎಂದೆ.

ಸರ್ವಮಂಗಳಕ್ಕ ಅಂಗಿಯ ಕಡೆ ತಲೆ ಬಗ್ಗಿಸಿದಳು. ಆಮೇಲೆ ಸೂಜಿ ಎಳೆದು, ದಾರವನ್ನು ಹಲ್ಲಲ್ಲಿ ಕಡಿದು, "ಹಂಗಂದ್ಲಾ" ಎಂದಳು.

ವಾಪಸ್ ಬರುವಾಗ ಕಣ್ಣು ತೊಳೆದುಕೊಂಡೆ. ಯಾರೂ ನೋಡದ ಹಾಗೆ ಬಾಯನ್ನೂ ಇನ್ನೊಮ್ಮೆ ಮುಕ್ಕಳಿಸಿದೆ. ಹೇಳಿಯಾದ ಮೇಲೆ ಮುಕ್ಕಳಿಸಿ ಏನು ಬಂತು!

ಅದು ಆ ಒಂದು ಮನೆಯೊಳಗೇ ಉಳಿದಿದ್ದರೆ ಹೇಗಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಶನಿವಾರ ಬೆಳಿಗ್ಗೆ ಆಚೆ ದಡದ ನಲ್ಲಿಯ ಹತ್ತಿರ ಹೆಂಗಸರೆಲ್ಲ, "ನಮ್ಮ ಜೋಡಿಯವರು ಏನೂ ಕೇಳಿಸ್ಲಿಲ್ಲ ಅಂದ್ರು, ಹಂಗಾದ್ರೆ ತುಟಿ ಆಡಿಸಿದ್ದು ಯಾಕೆ" ಎಂದು ವಾದಕ್ಕೆ ನಿಂತಿದ್ದರಂತೆ. ಯಾವತ್ತೂ ಮಾತಿಗೆ ಬಾರದ ಸರ್ವಮಂಗಳಕ್ಕ ಕೊಡ ಕೆಳಗಿಟ್ಟು, "ನಮ್ಮ ಕುಮುದಾಗೆ ಕೇಳಿಸಿದೆ" ಎಂದಳಂತೆ. ಮಧ್ಯಾಹ್ನದ ಹೊತ್ತಿಗೆ ಆ ಮಾತು ಸೇತುವೆ ದಾಟಿ ನಮ್ಮ ಬೀದಿಗೆ ಬಂತು. ಸಂಜೆಗೆ ತಿಮ್ಮಾಜಮ್ಮ ನಮ್ಮ ಜಗುಲಿಯಲ್ಲಿ ಕೂತು, "ನಂಗೂ ಏನೋ ಸಿಟ್ಟು ಅಂದಂಗಾಯ್ತು ಕಣವ್ವ, ಆದ್ರೆ ಕುಕ್ಕರ್ ಕೂಗ್ತಿತ್ತು" ಎಂದಳು. ಭಾನುವಾರಕ್ಕೆ ಇನ್ನೂ ನಾಲ್ಕು ಮನೆಯವರಿಗೆ ಕೇಳಿಸಿತ್ತು. ಒಬ್ಬರಿಗೆ 'ಸಿಟ್ಟಿಲ್ಲ' ಎಂದು, ಒಬ್ಬರಿಗೆ 'ಸಿಟ್ಟಿದೆ' ಎಂದು, ಹಿಟ್ಟಿನ ಗಿರಣಿಯವನಿಗಂತೂ ಆ ತಂಗಿ ಅಮ್ಮನಿಗೆ ಹೇಳಿಕಳಿಸಿದ ಒಂದು ಇಡೀ ಸುದ್ದಿಯೇ ಕೇಳಿಸಿತ್ತು. ಏನೂ ಕೇಳಿಸಿಲ್ಲ ಎಂದವರ ಕಿವಿಯನ್ನೇ ಜನ ಅನುಮಾನಿಸತೊಡಗಿದರು. ಐವತ್ತು ವರ್ಷದಿಂದ ಟಿವಿಯ ಒಂದು ಕೆಮ್ಮನ್ನೂ ಒಪ್ಪಿಸದೆ ಬಿಟ್ಟವರಲ್ಲದ ಹಿರಿಯರು ಅಂಗಳದಲ್ಲಿ ಕೂತು ಒಬ್ಬರ ಕಿವಿಯ ಹತ್ತಿರ ಒಬ್ಬರು ಬೆರಳು ಉಜ್ಜಿ ಪರೀಕ್ಷೆ ಮಾಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ.

ಅಜ್ಜಿ ಏನನ್ನೂ ಕೇಳಲಿಲ್ಲ. ಎಲೆಗೆ ಸುಣ್ಣ ಸವರುತ್ತ ನನ್ನನ್ನೇ ನೋಡುತ್ತಿದ್ದಳು.

ಮಂಗಳವಾರ ಟಿವಿಯ ದನಿ ಸಾರಿತು: ವೀಕ್ಷಕರ ಒತ್ತಾಯದ ಮೇರೆಗೆ ಕಳೆದ ವಾರದ ಕಂತನ್ನೇ ಬರುವ ಶುಕ್ರವಾರ ಮತ್ತೆ ಪ್ರಸಾರ ಮಾಡಲಾಗುವುದು. ಬೋರಲಿಂಗಯ್ಯ ಎರಡೂ ದಡದ ಬೀದಿಗಳಲ್ಲಿ ನಡೆದು ಹೇಳಿದ. "ಶುಕ್ರವಾರ ಐದಕ್ಕೆ ಯಾರ ಮನೇಲೂ ಒಲೆ ಹಚ್ಚಂಗಿಲ್ಲ, ರುಬ್ಬಂಗಿಲ್ಲ. ನಾಯಿ ಕಟ್ಟಾಕಿ. ಎಲ್ರೂ ಕೇಳಿಸ್ಕಳಿ. ಯಾರು ಹೆಚ್ಚು ಯಾರು ಕಮ್ಮಿ ಅವತ್ತು ಗೊತ್ತಾಗ್ಲಿ." ನಮ್ಮ ಜಗುಲಿಯ ಮುಂದೆ ಅವನ ದನಿ ಸ್ವಲ್ಪ ಗಟ್ಟಿಯಾದ ಹಾಗೆ ನನಗೆ ಕೇಳಿಸಿತು. ಅದನ್ನೂ ನಾನೇ ಕೂಡಿಸಿಕೊಂಡೆನೋ ಏನೋ.

ಅಷ್ಟಾದರೂ ನಾನು ಉಂಡೆ, ಬಟ್ಟೆ ಒಗೆದೆ. ಒಂದು ವರ್ಷ ತಾನೆ, ಕಳೆಯುತ್ತದೆ ಎಂದು ಹೇಳಿಕೊಂಡೆ. ಬುಧವಾರ ಸರ್ವಮಂಗಳಕ್ಕ ದಾರದುಂಡೆ ಕೊಳ್ಳಲು ಈಚೆಯ ಸಂತೆಗೆ ಬಂದವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಒಂದೇ ವಾರದಲ್ಲಿ ಹತ್ತು ವರ್ಷ ದೊಡ್ಡವಳಾದಂತೆಯೂ ಹತ್ತು ವರ್ಷ ಸಣ್ಣವಳಾದಂತೆಯೂ ಕಾಣುತ್ತಿದ್ದಳು.

"ಇಂದ್ರಾಣಿಗೆ ಕಾಗದ ಹಾಕ್ದೆ ಕಣೆ. ಶುಕ್ರವಾರ ಬಾ, ಇಬ್ರೂ ಕೂತು ನೋಡಾಣ ಅಂತ."

"ಬ... ಬರ್ತಾರಾ ಅಕ್ಕಾ?"

"ಯಾರಿಗ್ಗೊತ್ತು. ಬಂದ್ರೆ ಮೂರೂವರೆ ಬಸ್ಸಿಗೆ ಬರ್ತಾಳೆ." ಅವಳ ಬೆರಳುಗಳು ತಣ್ಣಗಿದ್ದವು. "ನೀನೂ ಬೇಗ ಬಾ, ಆಯ್ತಾ?"

ಅವತ್ತಿನಿಂದ ನನ್ನ ತಟ್ಟೆಯ ಅನ್ನ ತಿಮ್ಮಾಜಮ್ಮನ ಕೋಳಿಗಳ ಪಾಲಾಯಿತು. ನಾನು ಒಂದು ಸುಳ್ಳನ್ನು ಅವಳ ಮಡಿಲಿಗೆ ಹಾಕಿದ್ದೆ, ಅದನ್ನು ನಂಬಿ ಅವಳು ಹನ್ನೊಂದು ವರ್ಷದ ಬಾಗಿಲು ತೆರೆಯಹೊರಟಿದ್ದಳು. ಬರುವವಳ ಮನಸ್ಸಿನಲ್ಲಿ ಏನಿದೆಯೋ. ಸಿಟ್ಟೇ ಇದ್ದರೆ? ಬಂದು ಬೀದಿಯಲ್ಲಿ ನಿಂತು ಉಗಿದು ಹೋದರೆ? ಬರದೇ ಹೋದರೆ? ಸರ್ವಮಂಗಳಕ್ಕ ಬಸ್ಸಿನ ಹಾದಿ ನೋಡುತ್ತ ನಿಂತ ಚಿತ್ರ, ಚಿತ್ರವೇ ಕಾಣದ ದಡದ ನನಗೆ, ನೀರು ಸೇದುವಾಗ, ಅಕ್ಕಿ ಆರಿಸುವಾಗ ಕಣ್ಣಿಗೆ ಕಟ್ಟುತ್ತಿತ್ತು. ಗುರುವಾರ ಎರಡು ಸಲ ಸೇತುವೆಯವರೆಗೆ ಹೋಗಿ ಹೇಳಿಬಿಡೋಣವೆಂದು ನಿಂತೆ. ಎರಡು ಸಲವೂ ಬೋರಲಿಂಗಯ್ಯ ತಲೆಯೆತ್ತುತ್ತಲೇ ತಿರುಗಿ ಬಂದೆ.

ಶುಕ್ರವಾರ ಐದಕ್ಕೆ ಈಚೆ ದಡದಲ್ಲಿ ಅಷ್ಟು ನಿಶ್ಶಬ್ದವಿತ್ತೆಂದರೆ ಹೊಳೆ ಕಲ್ಲು ಬಳಸಿ ಹೋಗುವ ಸದ್ದು ಮನೆಯೊಳಗೆ ಕೇಳುತ್ತಿತ್ತು. ತಿಮ್ಮಾಜಮ್ಮ ಕೋಳಿಗಳ ಮೇಲೂ ಪಂಜರ ಮುಚ್ಚಿ, ಪಂಜರದ ಮೇಲೆ ಗೋಣಿ ಹೊದಿಸಿದ್ದಳು. ಅಜ್ಜಿ ಟಿವಿಗೆ ಹೊದಿಸಿದ ಕಸೂತಿ ಬಟ್ಟೆ ತೆಗೆದಿಟ್ಟಳು. ಗಾಳಿ ಸೋರಿತು, ಅಕ್ಕ ಕೂಗಿದಳು, ತಂಗಿ ಕೂಗಿದಳು, ಬಾಗಿಲು ಧಡ್ ಎಂದಿತು.

ಒಂದು. ಎರಡು. ಮೂರು. ಯಾವುದಾದರೂ ಒಂದು ದನಿ ಬರಲಿ ದೇವರೇ ಎಂದುಕೊಂಡೆ. ನಾಲ್ಕು, ಐದು. ನಾನು ಹೇಳಿದ್ದೇ ಬರಬೇಕೆಂದಿಲ್ಲ, ಒಂದು ನರಳಿಕೆ ಸಾಕು. ಏಳು. ಎಂಟು. ಅಜ್ಜಿಯ ಕಣ್ಣು ಗಾಜಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ಹನ್ನೊಂದು. ಹನ್ನೆರಡು. ಆಮೇಲೆ ಒಬ್ಬಳೇ ನಡೆದುಹೋಗುವ ಹೆಜ್ಜೆಗಳು.

"ಅಜ್ಜೀ," ಎಂದೆ.

"ತಪ್ಪು ನಂದೇ," ಎಂದಳು ಅಜ್ಜಿ. "ನೀನು ಕೂಡಿಸ್ದಾಗೆಲ್ಲ ನಗ್ತಿದ್ದೆ. ನಾನು ಸುಣ್ಣ ಹಚ್ಚೋಕೆ ನಿಲ್ಲಿಸ್ತಿದ್ದೆ ಅಂತ ನೀನು ತಿಳ್ಕಂಡಿದ್ದೆ. ಕೆಲವು ಕಡೆ ಕಥೇನೇ ನಿಲ್ಲೋದು. ಹೋಗು, ಕೊಟ್ಟಿದ್ದನ್ನ ವಾಪಸ್ ತಗೊಂಡು ಬಾ."

ಬಿಂದಿಗೆಯ ಹತ್ತಿರ ಜನ ಸೇರಿತ್ತು. ಮೊನ್ನೆಯವರೆಗೆ ಕೇಳಿಸಿದೆ ಎಂದವರೆಲ್ಲ ಈಗ ನೆಲ ನೋಡುತ್ತ, "ಇದ್ದಷ್ಟೇ, ಇದ್ದಷ್ಟೇ" ಎಂದು ಸರಸರ ದಾಟುತ್ತಿದ್ದರು. ನನ್ನ ಸರದಿ ಬಂತು. ನೀರು ಬಾಯಿಗೆ ಹಾಕಿಕೊಂಡರೆ ಉಗಿಯಲೂ ಆಗದು, ನುಂಗಲೂ ಆಗದು.

"ಹೆಚ್ಚೋ, ಕಮ್ಮಿಯೋ?"

"ಹೆಚ್ಚು," ಎಂದೆ.

ಬೋರಲಿಂಗಯ್ಯನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ನಲವತ್ತು ವರ್ಷದಲ್ಲಿ ಆ ಮಾತನ್ನು ಅವನು ಕೇಳಿರಲಿಲ್ಲವೇನೋ. "ಏನಂದೆ ಮಗಾ?"

"ಹೋದ ವಾರ ಹೆಚ್ಚು ಹೇಳ್ದೆ ಬೋರಲಿಂಗಯ್ಯ. ಅವಳು ಏನೂ ಅನ್ಲಿಲ್ಲ. ನಾನೇ ಅಂದದ್ದು. ಒಂದ್ಸಲ ಬಿಡು, ಸರ್ವಮಂಗಳಕ್ಕನಿಗೆ ಹೇಳಿ ಬಂದ್ಬಿಡ್ತೀನಿ."

ಹಿಂದೆ ತಿಮ್ಮಾಜಮ್ಮ, "ಅಯ್ಯೋ ನನ್ನ ಮಗಳೇ, ಸುಮ್ನೆ ಇದ್ದಷ್ಟೇ ಅನ್ನಬಾರ್ದಿತ್ತೇನೆ, ನಾವೆಲ್ಲ ಅನ್ಲಿಲ್ವಾ!" ಎಂದು ಬಾಯಿ ಬಡಿದುಕೊಂಡಳು. ಬೋರಲಿಂಗಯ್ಯ ಅವಳತ್ತ ನೋಡಿದ. ಆಮೇಲೆ ನನಗೆ ದಾರಿ ಬಿಟ್ಟ. "ದೀಪ ಹಚ್ಚೋದ್ರೊಳಗೆ ಬಂದ್ಬಿಡು. ಆಮೇಲೆ ಒಂದ್ ವರ್ಷ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸರ್ವಮಂಗಳಕ್ಕನ ಮನೆಯ ಬೀದಿ ಕಿಟಕಿಯ ಪರದೆ ಸರಿದಿತ್ತು. ಒಳಗೆ ಸಣಕಲು ದೇಹದ ಹೆಂಗಸೊಬ್ಬಳು ಗೋಡೆಗೆ ಒರಗದೆ, ಚೀಲವನ್ನು ತೊಡೆಯಿಂದ ಇಳಿಸದೆ ಕೂತಿದ್ದಳು. ಮುಂದಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಇಂದ್ರಾಣಿ. ನನ್ನನ್ನು ನೋಡಿದಳು, ನಗಲಿಲ್ಲ.

"ಅಕ್ಕಾ," ಎಂದೆ, ಹೊಸಲಾಚೆಯೇ ನಿಂತು. "ಹೋದ ವಾರ ನಿಮಗೆ ಹೇಳಿದ್ದು ಸುಳ್ಳು. ಆ ಮೌನದಲ್ಲಿ ಏನೂ ಇರ್ಲಿಲ್ಲ. ಇವತ್ತೂ ಇರ್ಲಿಲ್ಲ. ನನ್ನ ಮಾತು ನಂಬಿ ನೀವು ಇವರನ್ನ..."

"ಗೊತ್ತಿತ್ತು ಕಣೆ," ಎಂದಳು ಸರ್ವಮಂಗಳಕ್ಕ.

ನಾನು ಹೊಸಲು ದಾಟಿ ಒಳಗೆ ಬಂದೆ.

"ಕಿವಿ ಕೇಳದ ತಂಗಿ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡ್ದೋಳು ನಾನು. ತುಟಿ ಓದಕ್ಕೆ ಬರಲ್ವಾ ನಂಗೆ? ಈ ದೋಣಿಯವರದ್ದು ಟೋಪಿ, ಕಾಣಲ್ಲ. ಅವತ್ತು ಆ ಹುಡುಗಿ ತೆಗೆದ್ಲು. 'ಅಕ್ಕಾ, ಬಾಗಿಲು ತೆಗಿ' ಅಂತಿದ್ಲು. ಅಷ್ಟನ್ನೇ. ಮತ್ತೆ ಮತ್ತೆ." ಅವಳು ಕಿಟಕಿಯ ಕಡೆ ಕೈ ಮಾಡಿದಳು. "ಇವಳೂ ಹನ್ನೊಂದು ವರ್ಷದ ಹಿಂದೆ ಅಲ್ಲಿ ನಿಂತು ಅದನ್ನೇ ಅಂದ್ಲು. ಹೇಳದೆ ಕೇಳದೆ ಯಾರ ಹಿಂದೆಯೋ ಹೋಗಿದ್ದೋಳು, ತಿಂಗಳು ತುಂಬೋದ್ರೊಳಗೆ ಒಂದು ಚೀಲ ಹಿಡ್ಕಂಡು ವಾಪಸ್ ಬಂದ್ಲು. ನಾನು ಚಿಲಕ ತೆಗೀಲಿಲ್ಲ. ಕಿಟಕಿ ಹತ್ರ ಬಂದು ತುಟಿ ಆಡಿಸಿದ್ಲು. ಪರದೆ ಎಳೆದೆ. ಇವಳಿಗೆ ದನಿ ಇಲ್ಲ ಕುಮುದಾ. ಪರದೆ ಎಳೆದ್ರೆ ಮುಗೀತು."

"ಮತ್ತೆ ನನ್ನನ್ಯಾಕೆ ಕೇಳಿದ್ರಿ?"

"ಗಾಜು ಮಂಜಾಗಿತ್ತಲ್ಲ. ತಪ್ಪು ಓದಿರ್ಲಿ ಅಂತ. ನೀನು ಹಂಗಂದಾಗ ಎಷ್ಟು ಹಿತ ಆಯ್ತು ಗೊತ್ತಾ. ನಲ್ಲಿ ಹತ್ರ ಊರಿಗೆಲ್ಲ ಸಾರಿದೆ, ಹಂಗಾದ್ರೂ ನಿಜ ಆಗ್ಲಿ ಅಂತ. ಮೂರು ದಿನ ಓಡಾಡ್ದೆ ಅದನ್ನ ಬಾಯಲ್ಲಿಟ್ಕಂಡು. ಮಂಗಳವಾರ ಕಾಜ ಹೊಲೀತಾ ಕೂತಿದ್ದೆ, ಅದೇ ಕಂತು ಮತ್ತೆ ಬರ್ತದೆ ಅಂತ ಬೋರಲಿಂಗಯ್ಯ ಕೂಗ್ಕಂಡು ಹೋದ. ಆ ಹುಡುಗಿ ತುಟಿ ಮತ್ತೆ ಕಣ್ಣಿಗೆ ಬಂತು. ಕಾಗದ ಬರೆದೆ."

ಇಂದ್ರಾಣಿ ಅಷ್ಟು ಹೊತ್ತೂ ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದಳು. ನನಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. "ಇವರಿಗೆ ಸಿಟ್ಟು ಹೋಗಿದೆಯಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದೆ, ಮೆಲ್ಲಗೆ ಕೇಳಿದರೆ ಅವಳಿಗೆ ತಿಳಿಯದೇನೋ ಎಂಬಂತೆ.

ಇಂದ್ರಾಣಿಯೇ ತಲೆಯಾಡಿಸಿದಳು. ಇಲ್ಲ.

"ಬೇಕಾದಷ್ಟಿದೆ," ಎಂದಳು ಸರ್ವಮಂಗಳಕ್ಕ. ಅವಳ ಕಣ್ಣು ತುಂಬಿತ್ತು. "ಆದ್ರೂ ಬಂದವಳೆ ನೋಡು. ಚೀಲ ಇನ್ನೂ ಕೆಳಗಿಟ್ಟಿಲ್ಲ." ಆಮೇಲೆ ಎದ್ದು ಬಂದು ನನ್ನ ಕೆನ್ನೆ ಮುಟ್ಟಿದಳು. "ನಡಿ, ಕತ್ತಲಾಗ್ತದೆ. ಒಂದು ವರ್ಷ ಅಲ್ವಾ? ನಂಗೆ ಇನ್ನು ದನಿ ಇಲ್ದಿದ್ರೂ ನಡೀತದೆ. ಅಜ್ಜಿಗೆ ಚಿತ್ರ ಇಲ್ಲ, ಪಾಪ."

ಬೋರಲಿಂಗಯ್ಯ ನಾನು ದಾಟಿದ ಮೇಲೆ ಚೊಂಬನ್ನು ಬೋರಲು ಹಾಕಿದ.

ಆಮೇಲಿನ ಶುಕ್ರವಾರಗಳಲ್ಲಿ ವಿಕ್ರಮಸೇನ ಬಂದ, ಕೆಂಚ ಗೊಣಗಿದ. ಅಜ್ಜಿ, ನಾನು ಮುಖವಿಲ್ಲದ ದನಿ ಕೇಳಿದೆವು. ಊರವರು ಸೇತುವೆಯ ಮೇಲೆ ಸಾಲಾಗಿ ಹೋಗುವಾಗ ನಾನು ನಮ್ಮ ದಡದ ಸೋಪಾನದ ಕೊನೆಯ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಇಂದ್ರಾಣಿ ಉಳಿದಳೋ ಹೋದಳೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಹತ್ತು ಜನ ಹತ್ತು ಹೇಳುತ್ತಿದ್ದರು, ಹನ್ನೊಂದನೆಯದನ್ನು ನಾನು ಕೂಡಿಸಿಕೊಳ್ಳುತ್ತಿದ್ದೆ.

ಬೇಸಿಗೆ ಬಂದು ಹೊಳೆ ಕಿರಿದಾಯಿತು. ಒಂದು ಸಂಜೆ ಎದುರು ದಡದ ಮೆಟ್ಟಿಲಿಗೆ ಇಬ್ಬರು ಹೆಂಗಸರು ಇಳಿದು ಬಂದರು. ಒಬ್ಬಳ ಕೈಯಲ್ಲಿ ಅಂಗಿಗಳ ಗಂಟು. ಇನ್ನೊಬ್ಬಳ ಕೈ ಖಾಲಿ. ಚೀಲ ಇರಲಿಲ್ಲ. ಸರ್ವಮಂಗಳಕ್ಕ ಮಾತಾಡುವಂತಿಲ್ಲವಾದ್ದರಿಂದ ಬಗ್ಗಿ ಅಂಗಿ ನೆನೆಹಾಕತೊಡಗಿದಳು. ಇಂದ್ರಾಣಿ ಮಾತ್ರ ನೀರಿನ ಅಂಚಿಗೆ ಬಂದು, ನನ್ನನ್ನೇ ನೋಡುತ್ತ, ನಿಧಾನವಾಗಿ ತುಟಿ ಆಡಿಸಿದಳು. ಒಂದು ಸಲ. ಇನ್ನೊಂದು ಸಲ. ನಾನು ಉಸಿರು ಎಣಿಸುವುದನ್ನೂ ಮರೆತು ನೋಡಿದೆ. ಈಚೆ ದಡದ ಕಣ್ಣು ನನ್ನದು, ತುಟಿ ಓದಲು ಬಾರದು. ಬಾಯಿಗೆ ಒಂದಲ್ಲ, ಏಳೆಂಟು ಮಾತುಗಳು ಬಂದು ನಿಂತವು, ಎಲ್ಲವೂ ಚೆಂದದವೇ. ಹೊಳೆಯ ನೀರು ಬೊಗಸೆಯಲ್ಲೆತ್ತಿ ಬಾಯಿ ಮುಕ್ಕಳಿಸಿ ಉಗಿದೆ.

ಮನೆಗೆ ಬಂದಾಗ ಅಜ್ಜಿ ಜಗುಲಿಯಲ್ಲಿದ್ದಳು. ಯಾರೋ ಬಂದು ಹೇಳಿ ಹೋಗಿದ್ದರು.

"ಅವಳು ಏನೋ ಅಂದಳಂತಲ್ಲೇ," ಎಂದಳು. "ಏನಂದ್ಲು?"

"ತುಟಿ ಆಡಿಸಿದ್ಲು ಅಜ್ಜಿ. ಎರಡು ಸಲ."

ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕಾದಳು. ಬಹಳ ಹೊತ್ತು ಕಾದಳು. ನಾನೂ ಪಕ್ಕದಲ್ಲಿ ಕೂತು ಕಾಲು ಚಾಚಿದೆ.

"ಅಷ್ಟೇನಾ?"

"ಇದ್ದಷ್ಟೇ," ಎಂದೆ.